ಹತ್ತು ಜನ, ಎರಡು ಚಾಪೆ: ಸಭೆಯಲ್ಲಿ ಶಿಷ್ಯತ್ವದ ಗುಂಪು ಶುರು ಮಾಡುವುದು ಹೇಗೆ?

ಕೇಳುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಒಂದೇ. "ನಮ್ಮ ಸಭೆಗೆ, ಅಂದ್ರೆ ಚರ್ಚಿಗೆ, ಭಾನುವಾರ ನೂರಿಪ್ಪತ್ತು ಜನ ಬರ್ತಾರೆ. ಆರಾಧನೆ ಮುಗೀತು, ಗೇಟ್ ಹತ್ರ ಕೈ ಕುಲುಕಿದ್ರು, ಮನೆಗೆ ಹೋದ್ರು. ಶಿಷ್ಯತ್ವದ ಗುಂಪು ಶುರು ಮಾಡೋಣ ಅಂತಿದ್ದೀವಿ. ಯಾವ ಪುಸ್ತಕ ತರಿಸಬೇಕು?"

ಪುಸ್ತಕ ಬೇಡ. ಯಾರ ಮನೆ, ಯಾವ ದಿನ, ಟೀ ಜೊತೆ ಏನು ಕೊಡ್ತೀರಿ, ಇದು ಮೊದಲು ತೀರ್ಮಾನ ಆಗಲಿ. ತಮಾಷೆಗೆ ಹೇಳುತ್ತಿಲ್ಲ. ಪಾಠ ಸರಿಯಿಲ್ಲದೆ ನಿಂತುಹೋದ ಗುಂಪನ್ನು ನಾನು ನೋಡಿಲ್ಲ. ತಿಂಡಿಯಿಂದ, ಚಾಡಿಯಿಂದ, ಕಮಿಟಿ ರಾಜಕೀಯದಿಂದ ನಿಂತವನ್ನು ಬೇಕಾದಷ್ಟು ನೋಡಿದ್ದೇನೆ.

ಶಿಷ್ಯತ್ವ ಅನ್ನುವ ಪದ ಸ್ವಲ್ಪ ಭಾರ. ಯೇಸುವಿನ ಹಿಂದೆ ನಡೆಯುವುದನ್ನು ಕಲಿಯುವುದು, ಅಷ್ಟೇ ಅದರ ಅರ್ಥ. ಅದನ್ನು ಕ್ಲಾಸಿನಲ್ಲಿ ಕೂತು ನೋಟ್ಸ್ ಬರೆದು ಕಲಿಯೋಕಾಗಲ್ಲ. ಗಾರೆ ಮೇಸ್ತ್ರಿ ಜೊತೆ ಹುಡುಗ ಕರಣೆ ಹಿಡಿದು ಕಲೀತಾನಲ್ಲ, ಆ ಥರ. ಸತ್ಯವೇದದಲ್ಲಿ (ಬೈಬಲಿನಲ್ಲಿ) ಯೇಸುವಿನ ಕತೆ ಹೇಳುವ ಮಾರ್ಕನ ಸುವಾರ್ತೆಯ 3ನೇ ಅಧ್ಯಾಯದಲ್ಲಿ ಯೇಸು 12 ಜನರನ್ನು ಆರಿಸಿದ್ದಕ್ಕೆ ಮೊದಲ ಕಾರಣ ಅವರು ತನ್ನ ಜೊತೆಗಿರಲಿ ಅಂತ. ಸಾರುವುದಕ್ಕೆ ಕಳಿಸುವುದು ಆಮೇಲೆ. ಮತ್ತಾಯನ ಕೊನೇ ಅಧ್ಯಾಯದಲ್ಲೂ ನೋಡಿ: ಎಲ್ಲ ಜನರನ್ನೂ ಶಿಷ್ಯರನ್ನಾಗಿ ಮಾಡಿ, ನಾನು ಹೇಳಿದ್ದನ್ನು ನಡೆಸುವುದಕ್ಕೆ ಅವರಿಗೆ ಕಲಿಸಿ ಅನ್ನುತ್ತಾನೆ. ಬರೀ ತಿಳಿದುಕೊಳ್ಳುವುದಕ್ಕೆ ಅಲ್ಲ, ನಡೆಸುವುದಕ್ಕೆ. ಸಭೆಗೆ ಕೊಟ್ಟ ಕೆಲಸ ಇದು. ಕಟ್ಟಡ, ಕನ್ವೆನ್ಷನ್, ಕ್ವಾಯರ್ ಎಲ್ಲ ಇದಕ್ಕೆ ಸಹಾಯ ಮಾಡಬೇಕು.

"ಇದೆಲ್ಲ ಹೊಸ ಫ್ಯಾಷನ್" ಅಂತ ಹಿರಿಯರು ಯಾರಾದರೂ ಗೊಣಗಿದರೆ ಒಂದು ಹಳೇ ಕತೆ ಹೇಳಿ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮೆಥೋಡಿಸ್ಟ್ ಪಂಗಡ ಶುರು ಮಾಡಿದ ಜಾನ್ ವೆಸ್ಲಿಯ ಜನ ಪ್ರಾರ್ಥನಾ ಮಂದಿರ ಕಟ್ಟಿಸಿ ಸಾಲದಲ್ಲಿದ್ದರು. ಎಲ್ಲರೂ ವಾರಕ್ಕೊಂದು ಪೆನ್ನಿ ಕೊಡೋಣ ಅಂದ ಒಬ್ಬ ಹಡಗಿನ ಕ್ಯಾಪ್ಟನ್. ಬಡವರು ಕೊಡಲಾರರು ಅಂತ ಯಾರೋ ಅಂದದ್ದಕ್ಕೆ, ನನ್ನ ಪಾಲಿಗೆ 11 ಜನ ಬಡವರನ್ನು ಬಿಡಿ, ವಾರಕ್ಕೊಮ್ಮೆ ಹೋಗಿ ಕೇಳ್ತೀನಿ, ಅವರ ಕೈಲಿ ಆಗದಿದ್ದರೆ ನಾನೇ ಹಾಕ್ತೀನಿ ಅಂದ. ಉಳಿದವರೂ ಒಪ್ಪಿದರು. ಪೆನ್ನಿ ಕೇಳಲು ಮನೆಮನೆಗೆ ಹೋದವರು ಜನ ಹೇಗೆ ಬದುಕುತ್ತಿದ್ದಾರೆ ಅನ್ನುವುದನ್ನು ನೋಡಿಕೊಂಡು ಬಂದರು. ನಾನು ಇಷ್ಟು ದಿನ ಹುಡುಕುತ್ತಿದ್ದದ್ದು ಇದೇ ಅನ್ನಿಸಿತು ವೆಸ್ಲಿಗೆ. ಮುಂದೆ ಆ ಹನ್ನೆರಡು ಜನ ವಾರಕ್ಕೊಮ್ಮೆ ಒಂದೇ ಕಡೆ ಸೇರತೊಡಗಿದರು. ಅದಕ್ಕೆ 'ಕ್ಲಾಸ್ ಮೀಟಿಂಗ್' ಅಂತ ಹೆಸರು ಬಂತು. ಬೆಂಗಳೂರು, ಮೈಸೂರು ಕಡೆ ಸಭೆಗಳನ್ನು ಕಟ್ಟಿದ ವೆಸ್ಲಿಯನ್ ಮಿಷನರಿಗಳು ಇದೇ ಪರಂಪರೆಯವರು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್‌ನ ಹಿಂದೆಯೂ ಮನೆಗಳಲ್ಲಿ ಸೇರಿ ಸತ್ಯವೇದ ಓದುತ್ತಿದ್ದ ದಕ್ಷಿಣ ಜರ್ಮನಿಯ ಜನರಿದ್ದರು. 1947ರಲ್ಲಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಆದಾಗ ಒಂದಾದ ಸಭೆಗಳಲ್ಲಿ ವೆಸ್ಲಿಯನ್ ಸಭೆಗಳೂ ಇದ್ದವು. ಹೊಸದೇನಲ್ಲ ಅಲ್ವಾ? ನಾವು ಮರೆತಿದ್ದೇವೆ, ಅಷ್ಟೇ.

ಬೇಕಾಗುವುದು

8ರಿಂದ 12 ಜನ. ನಡೆಸಲು ಇಬ್ಬರು. ಎರಡು ಮೂರು ಮನೆ. ವಾರದಲ್ಲಿ ಒಂದು ಸಂಜೆ, 75 ನಿಮಿಷ. ಮಾರ್ಕನ ಸುವಾರ್ತೆ. ಒಂದು ನೂರು ಪುಟದ ನೋಟ್‌ಬುಕ್. ದುಡ್ಡು ಬೇಡ. ಗುಂಪಿನಲ್ಲಿ ಕಾಣಿಕೆ ಎತ್ತಲೇಬೇಡಿ. ಎತ್ತಿದ ದಿನವೇ ಲೆಕ್ಕ, ರಸೀದಿ, ಅನುಮಾನ ಎಲ್ಲ ಶುರು.

ಹಂತ 1: ಮೊದಲು ಅಯ್ಯನವರ ಹತ್ತಿರ ಮಾತಾಡಿ

ಪಾಸ್ಟರ್ ಅನ್ನಿ, ಸಭಾಪಾಲಕರು ಅನ್ನಿ, ಅವರಿಗೆ ಹೇಳದೆ ಶುರು ಮಾಡಬೇಡಿ. "ಬೇರೆ ಸಭೆ ಕಟ್ತಿದ್ದಾರೆ" ಅನ್ನುವ ಮಾತು ಹುಟ್ಟಲು ಒಂದು ವಾರ ಸಾಕು. ಹೋಗುವಾಗ ಒಂದು ಹಾಳೆಯಲ್ಲಿ ಮೂರು ಸಾಲು ಬರೆದುಕೊಂಡು ಹೋಗಿ: ಏನು ಓದುತ್ತೇವೆ, ಯಾವತ್ತು ಮುಗಿಯುತ್ತೆ, ಯಾರು ನಿಮಗೆ ತಿಂಗಳಿಗೊಮ್ಮೆ ವರದಿ ಕೊಡ್ತಾರೆ. ಮುಗಿಯುವ ದಿನ ಬರೆಯುವುದು ಮುಖ್ಯ. ಕೊನೆಯೇ ಇಲ್ಲದ ಗುಂಪಿಗೆ ಬರಲು ಜನ ಹೆದರುತ್ತಾರೆ.

ಶುರು ಮಾಡಲು ಜೂನ್ ಒಳ್ಳೇದು. ಶಾಲೆ ತೆರೆದಿರುತ್ತೆ, ಊರಿಗೆ ಹೋದವರು ವಾಪಸ್ ಬಂದಿರುತ್ತಾರೆ. ಡಿಸೆಂಬರಿನಲ್ಲಿ ಕ್ಯಾರಲ್ಸ್ ತಿರುಗಾಟ, ಈಸ್ಟರ್‌ಗೆ ಮುಂಚಿನ ಲೆಂಟ್‌ನ 40 ದಿನ ಹೇಗೂ ಮನೆ ಪ್ರಾರ್ಥನೆಗಳಿರುತ್ತವೆ, ಆವಾಗ ಬೇಡ.

ಎಚ್ಚರಿಕೆ: ಸಭೆಯ ಆಡಳಿತ ನೋಡಿಕೊಳ್ಳುವ ಪಾಸ್ಟರೇಟ್ ಕಮಿಟಿ ಚುನಾವಣೆ ಇರುವ ವರ್ಷ ಹೊಸ ಗುಂಪು ಶುರು ಮಾಡಬೇಡಿ. ನೀವು ಏನೇ ಹೇಳಿ, ನೋಡುವವರಿಗೆ ಅದು ಓಟಿನ ಗುಂಪಾಗಿಯೇ ಕಾಣುತ್ತೆ. ಕೆಲವು ಸಲ ಆಗಿಯೂ ಬಿಡುತ್ತೆ.

ಹಂತ 2: ನಡೆಸುವವರನ್ನು ಹುಡುಕಿ

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. ಸಭೆಯಲ್ಲಿ ಚೆನ್ನಾಗಿ ಪ್ರಸಂಗ ಮಾಡುವವರನ್ನು ಹಿಡಿದುಕೊಂಡು ಬರುತ್ತಾರೆ. ಅವರು 75 ನಿಮಿಷವೂ ಮಾತಾಡುತ್ತಾರೆ. ಉಳಿದವರು "ಆಮೆನ್" ಅಂದು ಟೀ ಕುಡಿದು ಹೋಗುತ್ತಾರೆ.

ನಿಮಗೆ ಬೇಕಾದವರು ಬೇರೆ. ಆರಾಧನೆ ಮುಗಿದ ಮೇಲೆ ಕಾಂಪೌಂಡಿನಲ್ಲಿ ನಿಂತು ನೋಡಿ. "ಹೋದ ವಾರ ಬರ್ಲಿಲ್ವಲ್ಲ, ಮಗೂಗೆ ಜ್ವರ ಬಿಡ್ತಾ?" ಅಂತ ಕೇಳುವವರೊಬ್ಬರು ಇದ್ದೇ ಇರುತ್ತಾರೆ. ಅವರಿಗೆ ದೊಡ್ಡ ಓದು ಇಲ್ಲದಿರಬಹುದು. ಮೈಕ್ ಕೊಟ್ಟರೆ ನಡುಗಬಹುದು. ಅವರನ್ನೇ ಕೇಳಿ. ಬರದವರ ಜಾಗ ಖಾಲಿ ಇದೆ ಅಂತ ಗಮನಿಸುವ ಕಣ್ಣು ಇದ್ದರೆ ಸಾಕು, ಉಳಿದದ್ದನ್ನು ಕಲಿಸಬಹುದು. ಗುಂಪು ಚಿಕ್ಕದಿರಬೇಕು ಅನ್ನುವುದಕ್ಕೂ ಇದೇ ಕಾರಣ. ನೂರು ಜನರಲ್ಲಿ ಒಬ್ಬರು ಕಾಣೆಯಾದರೆ ಯಾರಿಗೂ ಗೊತ್ತಾಗಲ್ಲ, ಹತ್ತರಲ್ಲಿ ಗೊತ್ತಾಗುತ್ತೆ.

ಜೊತೆಗೆ ಇನ್ನೊಬ್ಬರು ಬೇಕು, ಮೊದಲ ದಿನದಿಂದಲೇ. ಅವರು ಸುಮ್ನೆ ಸಹಾಯಕ್ಕಲ್ಲ. ಮುಂದಿನ ಗುಂಪು ಅವರದ್ದು. ಪೌಲ ತನ್ನ ಶಿಷ್ಯ ತಿಮೊಥೆಯನಿಗೆ ಬರೆದ ಎರಡನೇ ಪತ್ರದ 2ನೇ ಅಧ್ಯಾಯ ನೋಡಿ: ಪೌಲ, ತಿಮೊಥೆಯ, ಅವನಿಂದ ಕಲಿಯುವ ನಂಬಿಗಸ್ತರು, ಅವರಿಂದ ಕಲಿಯುವ ಇನ್ನೊಬ್ಬರು. ಒಂದೇ ವಾಕ್ಯದಲ್ಲಿ ನಾಲ್ಕು ತಲೆಮಾರು.

ಹಂತ 3: ಜನರನ್ನು ಕರೆಯುವುದು

ಪುಲ್ಪಿಟ್‌ನಿಂದ ಅನೌನ್ಸ್ ಮಾಡಿದರೆ ಯಾವಾಗಲೂ ಬರುವವರೇ ಬರುತ್ತಾರೆ. ಮನೆಗೆ ಹೋಗಿ ಕರೆಯಿರಿ. 15 ಜನರನ್ನು ಕರೆದರೆ ಹತ್ತು ಜನ ಉಳಿಯಬಹುದು. ನಮ್ಮ ಮೊದಲ ಗುಂಪಿಗೆ ಖುಷಿಯಿಂದ 18 ಜನರನ್ನು ಸೇರಿಸಿಕೊಂಡೆವು. ಎರಡು ತಿಂಗಳಲ್ಲಿ ಐದು ಜನ ಮಾತ್ರ ಮಾತಾಡುತ್ತಿದ್ದರು, ಉಳಿದವರು ಬರುವುದನ್ನೇ ಬಿಟ್ಟರು.

ಏರಿಯಾ ನೋಡಿ ಗುಂಪು ಮಾಡುವುದು ಸುಲಭ, ಆದರೆ ಒಂದು ಮಾತು ನೇರವಾಗಿ ಹೇಳುತ್ತೇನೆ. ನಮ್ಮಲ್ಲಿ ಏರಿಯಾ ಅಂದರೆ ಎಷ್ಟೋ ಸಲ ನೆಂಟರು, ನೆಂಟರು ಅಂದರೆ ಜಾತಿ. ಕರ್ತನ ಭೋಜನಕ್ಕೆ ಒಂದೇ ಸಾಲಿನಲ್ಲಿ ನಿಂತು, ಮನೆಗೆ ಮಾತ್ರ ನಮ್ಮವರನ್ನೇ ಕರೆಯುವುದು ಯಾವ ಶಿಷ್ಯತ್ವ? ಬೇಕೆಂದೇ ಬೆರೆಸಿ. ಆಟೋ ಓಡಿಸುವವರು, ಬ್ಯಾಂಕಿನವರು, ಹಾಸ್ಟೆಲ್‌ನ ಹುಡುಗಿ, ರಿಟೈರ್ ಆದ ಟೀಚರ್ ಒಂದೇ ಚಾಪೆ ಮೇಲೆ ಕೂರಲಿ. ಮೊದಲ ಮೂರು ವಾರ ಬಿಗಿಯಾಗಿರುತ್ತೆ. ಆಮೇಲೆ ಸಡಿಲ ಆಗುತ್ತೆ.

ಗಂಡ ಹೆಂಡತಿ ಒಂದೇ ಗುಂಪಿನಲ್ಲಿ ಇರಬಹುದಾ ಅಂತ ಕೇಳುತ್ತಾರೆ. ಇರಬಹುದು. ಆದರೆ ಕೊನೆಯಲ್ಲಿ ಪ್ರಾರ್ಥನೆಗೆ ಗಂಡಸರು ಬೇರೆ, ಹೆಂಗಸರು ಬೇರೆ ಕೂರಲಿ. ಗಂಡನ ಮುಂದೆ ಹೇಳಲಾಗದ್ದು, ಹೆಂಡತಿಯ ಮುಂದೆ ಒಪ್ಪಿಕೊಳ್ಳಲಾಗದ್ದು ಎಲ್ಲರಿಗೂ ಇರುತ್ತೆ.

ಹಂತ 4: ಮನೆ, ಚಾಪೆ, ಟೀ

ಎಲ್ಲರೂ ನೆಲದ ಮೇಲೆ ಕೂರಿ, ಮೊಣಕಾಲು ನೋವಿನವರಿಗೆ ಮಾತ್ರ ಕುರ್ಚಿ. ಒಬ್ಬ ಅಂಕಲ್ ಸೋಫಾ ಮೇಲೆ, ಉಳಿದವರು ಕೆಳಗೆ ಕೂತರೆ ಅದು ಪಂಚಾಯ್ತಿ ಆಗುತ್ತೆ. ಟಿವಿ ಆಫ್. ಮೈಕ್, ಕೀಬೋರ್ಡ್ ಬೇಡ, ಪಕ್ಕದ ಮನೆಯವರಿಗೂ ನಿದ್ದೆ ಬರಬೇಕು. ಗಾಡಿಗಳನ್ನು ಬೇರೆಯವರ ಗೇಟ್ ಮುಂದೆ ನಿಲ್ಲಿಸಬೇಡಿ. ಅಕ್ಕಪಕ್ಕದವರಿಗೆ ಮುಂಚೆಯೇ ಒಂದು ಮಾತು ಹೇಳಿಬಿಡಿ: "ಬುಧವಾರ ಏಳಕ್ಕೆ ನಮ್ಮ ಚರ್ಚಿನವರು ಬರ್ತಾರೆ, ಎಂಟೂಕಾಲಿಗೆ ಹೋಗ್ತಾರೆ."

ಈಗ ತಿಂಡಿ ವಿಷಯ. ಮೊದಲ ವಾರ ಟೀ, ಬಿಸ್ಕತ್ತು. ಎರಡನೇ ವಾರ ಇನ್ನೊಬ್ಬರ ಮನೆ, ಬೋಂಡ. ಮೂರನೇ ವಾರ ಉಪ್ಪಿಟ್ಟು, ಕೇಸರಿಭಾತ್. ಆರನೇ ವಾರದ ಹೊತ್ತಿಗೆ ಬಿರಿಯಾನಿ, ಮೊಟ್ಟೆ, ಐಸ್‌ಕ್ರೀಮ್. ಏಳನೇ ವಾರ ಗಾರ್ಮೆಂಟ್ಸ್‌ಗೆ ಹೋಗುವ ಅಕ್ಕನ ಸರದಿ. ಅವರು ಫೋನ್ ಮಾಡಿ "ನಮ್ಮನೇಲಿ ಜಾಗ ಸಾಲಲ್ಲ ಆಂಟಿ" ಅನ್ನುತ್ತಾರೆ. ಎಂಟನೇ ವಾರದಿಂದ ಅವರು ಬರುವುದೇ ಇಲ್ಲ. ಯಾಕೆ ಅಂತ ಯಾರಿಗೂ ಹೊಳೆಯುವುದಿಲ್ಲ.

ಹಾಗಾಗಿ ನಿಯಮ ಮಾಡಿ: ಟೀ, ಜೊತೆಗೆ ಒಂದೇ ಒಂದು ತಿನ್ನುವ ಪದಾರ್ಥ, ಅದೂ ಅಂಗಡಿಯ ಬಿಸ್ಕತ್ತು ಅಥವಾ ಕಡ್ಲೆಪುರಿ. ಉಳ್ಳವರ ಮನೆಯಲ್ಲಿ ಈ ನಿಯಮ ಮೊದಲು ಪಾಲನೆ ಆಗಬೇಕು. ಅವರಿಗೆ ಬೇಜಾರಾಗುತ್ತೆ, ಆಗಲಿ ಬಿಡಿ.

ಹಂತ 5: ಮೊದಲ ದಿನವೇ ಮೂರು ಒಪ್ಪಂದ

ಮೊದಲ ಸಂಜೆ ಸತ್ಯವೇದ ಓದಬೇಡಿ. ಪರಿಚಯ ಮಾಡಿಕೊಳ್ಳಿ, ಈ ಮೂರನ್ನು ಗಟ್ಟಿಯಾಗಿ ಹೇಳಿ, ಎಲ್ಲರಿಂದ "ಹೂಂ" ಅನ್ನಿಸಿ.

ಒಂದು, ಇಲ್ಲಿ ಕೇಳಿದ್ದು ಹೊರಗೆ ಹೋಗಲ್ಲ. ಪ್ರಾರ್ಥನಾ ಬಿನ್ನಹದ ಹೆಸರಿನಲ್ಲೂ ಹೋಗಲ್ಲ. ನಮ್ಮಲ್ಲಿ ಚಾಡಿ ಬರುವ ಬಾಗಿಲೇ ಅದು: "ಪಾಪ, ಅವರ ಮಗನಿಗೋಸ್ಕರ ಪ್ರಾರ್ಥನೆ ಮಾಡ್ರಿ, ವಿಷ್ಯ ಏನಂದ್ರೆ..." ಗುಂಪಿನ ವಾಟ್ಸಾಪ್‌ನಲ್ಲಿ ಸಮಯ, ಮನೆ, ಅಧ್ಯಾಯ ಬಿಟ್ಟು ಬೇರೇನೂ ಹಾಕಬೇಡಿ. ಕಾಯಿಲೆ, ಸಾಲ, ಸಂಸಾರದ ಜಗಳ ಟೈಪ್ ಮಾಡಲೇಬೇಡಿ. ಒಂದು ಫಾರ್ವರ್ಡ್ ಸಾಕು, ಗುಂಪು ಮುಗಿಯಿತು.

ಎರಡು, ಕೇಳದೆ ಬುದ್ಧಿ ಹೇಳಲ್ಲ. ಒಬ್ಬರು ಕಷ್ಟ ಹೇಳಿಕೊಂಡ ಕೂಡಲೇ ವಚನ ಎತ್ತಿ ಹೊಡೆಯುವ ಅಭ್ಯಾಸ ನಮಗಿದೆ. ಮೊದಲು ಕೇಳಿಸಿಕೊಳ್ಳಿ.

ಮೂರು, ಕೆಲವು ವಿಷಯ ಗುಟ್ಟಾಗಿ ಇಡಲ್ಲ. ಯಾರಾದರೂ ಸಾಯುವ ಮಾತಾಡಿದರೆ, ಮನೆಯಲ್ಲಿ ಹೊಡೆತ ಬೀಳುತ್ತಿದ್ದರೆ, ಮಗುವಿಗೆ ಯಾರಾದರೂ ಕೆಟ್ಟದ್ದು ಮಾಡುತ್ತಿದ್ದರೆ ಪ್ರಾರ್ಥನೆ ಮಾಡಿ ಸುಮ್ಮನಾಗಬೇಡಿ. ಮನಸ್ಸಿನ ಸಂಕಟಕ್ಕೆ ಸರ್ಕಾರದ ಟೆಲಿ ಮಾನಸ್ ನಂಬರ್ 14416, ದಿನದ 24 ಗಂಟೆ ಸಿಗುತ್ತೆ. ಮಕ್ಕಳಿಗೆ 1098. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ ತಿಳಿಸಲೇಬೇಕು ಅನ್ನುತ್ತೆ 2012ರ ಪೋಕ್ಸೊ ಕಾಯ್ದೆ. ಸಭೆಯ ಮರ್ಯಾದೆ ಅಂತ ಮುಚ್ಚಿಡಲು ಅದರಲ್ಲಿ ಅವಕಾಶ ಇಲ್ಲ. ಗುಂಪು ನಡೆಯುವಾಗ ಚಿಕ್ಕ ಮಕ್ಕಳನ್ನು ಒಳಗಿನ ರೂಮಿನಲ್ಲಿ ಒಬ್ಬರೇ ದೊಡ್ಡವರ ಜೊತೆ ಬಿಡಬೇಡಿ. ಇಬ್ಬರಿರಲಿ, ಬಾಗಿಲು ತೆರೆದಿರಲಿ.

ಹಂತ 6: ಆ 75 ನಿಮಿಷ

7:00ಕ್ಕೆ ಟೀ. 7:10ಕ್ಕೆ ಒಂದು ಕೀರ್ತನೆ, ಒಂದೇ. 7:15ರಿಂದ 15 ನಿಮಿಷ ಲೆಕ್ಕ ಒಪ್ಪಿಸುವುದು, ಅದನ್ನು ಕೆಳಗೆ ಹೇಳುತ್ತೇನೆ. 7:30ರಿಂದ 8:00 ಓದು ಮತ್ತು ಮಾತು. 8:00ರಿಂದ 8:15 ಇಬ್ಬಿಬ್ಬರು ಅಥವಾ ಮೂವರು ಸೇರಿ ಪ್ರಾರ್ಥನೆ. ಎಂಟೂಕಾಲಿಗೆ ಚಪ್ಪಲಿ ಹಾಕಿಕೊಳ್ಳಿ. ಪ್ರಾರ್ಥನೆ ಜೋರಾಗಿ ನಡೆಯುತ್ತಿದೆ ಅಂತ ಒಂಬತ್ತೂವರೆಗೆ ಎಳೆದರೆ ಮುಂದಿನ ವಾರ ಕೆಲಸಕ್ಕೆ ಹೋಗುವವರು ಬರಲ್ಲ.

ಮಾರ್ಕನ ಸುವಾರ್ತೆ ಯಾಕೆ? ನಾಲ್ಕು ಸುವಾರ್ತೆಗಳಲ್ಲಿ ಚಿಕ್ಕದು. ಕತೆ ಸರಸರ ಓಡುತ್ತೆ. 16 ಅಧ್ಯಾಯ. 1, 4, 6, 14 ಉದ್ದ ಇವೆ, ಅವನ್ನು ಎರಡು ವಾರಕ್ಕೆ ಹಂಚಿದರೆ 20 ವಾರ. ಜೂನ್ ಮಧ್ಯದಲ್ಲಿ ಶುರುವಾದರೆ ನವೆಂಬರ್ ಶುರುವಿಗೆ ಮುಗಿಯುತ್ತೆ. ಅಧ್ಯಾಯ ಪೂರ್ತಿ ಮನೆಯಲ್ಲಿ ಓದಿ ಬರಲಿ. ಗುಂಪಿನಲ್ಲಿ ಅದರಲ್ಲಿನ ಒಂದೇ ಘಟನೆ ಹಿಡಿಯಿರಿ.

ಎರಡು ಸಲ ಓದಿ. ಮೂರನೇ ಸಲ ಎಲ್ಲರೂ ಸತ್ಯವೇದ ಮುಚ್ಚಿ ಒಬ್ಬರು ಕತೆಯಾಗಿ ಹೇಳಲಿ, ಬಿಟ್ಟುಹೋದದ್ದನ್ನು ಉಳಿದವರು ಸೇರಿಸಲಿ. ಓದಲು ಬಾರದವರು ಇಲ್ಲಿ ಎಲ್ಲರಿಗಿಂತ ಮುಂದಿರುತ್ತಾರೆ. ಹಳೇ ಸತ್ಯವೇದದ ಪದಗಳಿಗೆ ಅಲ್ಲೇ ಅರ್ಥ ಹೇಳಿ: ಸುಂಕದವ ಅಂದರೆ ರೋಮಿನವರ ಪರವಾಗಿ ತೆರಿಗೆ ವಸೂಲಿ ಮಾಡುವವನು. ಫರಿಸಾಯ ಅಂದರೆ ಧರ್ಮದ ಕಟ್ಟಳೆಯಲ್ಲಿ ಬಹಳ ಕಟ್ಟುನಿಟ್ಟಿನವನು. ಮಾನಸಾಂತರ ಅಂದರೆ ಹೋಗುತ್ತಿದ್ದ ದಾರಿ ಬಿಟ್ಟು ದೇವರ ಕಡೆ ತಿರುಗುವುದು. ಬೆಂಗಳೂರಿನ ಸಭೆಗಳಲ್ಲಿ ತಮಿಳು, ತೆಲುಗಿನ ಮನೆಯವರೂ ಇರುತ್ತಾರೆ. ಅವರ ಭಾಷೆಯಲ್ಲೂ ಒಂದು ಸಲ ಓದಿಸಿ.

ಆಮೇಲೆ ನಾಲ್ಕೇ ಪ್ರಶ್ನೆ. ಇಲ್ಲಿ ಏನು ನಡೀತು? ಯೇಸು ಎಂಥವನು ಅಂತ ಗೊತ್ತಾಯ್ತು? ನನಗೆ ಎಲ್ಲಿ ಚುಚ್ಚಿತು? ಈ ವಾರ ನಾನೇನು ಮಾಡ್ತೀನಿ?

2ನೇ ಅಧ್ಯಾಯದಲ್ಲಿ ನಾಲ್ಕು ಜನ ಪಾರ್ಶ್ವವಾಯು ರೋಗಿಯನ್ನು ಹೊತ್ತುಕೊಂಡು ಬಂದು, ಗುಂಪಿನಿಂದ ಒಳಗೆ ಹೋಗಲಾರದೆ ಮಾಳಿಗೆ ಬಿಚ್ಚಿ ಇಳಿಸುವುದು ಗೊತ್ತಲ್ಲ. ಅದನ್ನು ಓದಿದ ಸಂಜೆ ಒಬ್ಬ ಆಂಟಿ ಕೇಳಿದರು: "ಅದ್ಸರಿ, ಆ ಮಾಳಿಗೆ ರಿಪೇರಿ ಯಾರು ಮಾಡಿಸಿದ್ರು?" ಎಲ್ಲರೂ ನಕ್ಕೆವು. ಆಂಟಿ ನಗಲಿಲ್ಲ. ಅವತ್ತು ಕೂಟ ಇದ್ದದ್ದು ಅವರ ಮನೆಯಲ್ಲೇ. "ಮನೆಯವ್ನು ಏನೂ ಅನ್ಲಿಲ್ಲ ನೋಡಿ. ನಾನಾಗಿದ್ರೆ ಕಿರುಚಾಡ್ತಿದ್ದೆ" ಅಂದರು. ಮುಂದಿನ ಅರ್ಧ ಗಂಟೆ ನಡೆಸುವವರು ಬಾಯಿ ಬಿಡಬೇಕಾಗಲೇ ಇಲ್ಲ. ಇಂಥ ಪ್ರಶ್ನೆ ಬಂದಾಗ "ಅದು ಮುಖ್ಯ ಅಲ್ಲ, ಮುಂದೆ ಹೋಗೋಣ" ಅನ್ನಬೇಡಿ.

ಪ್ರಶ್ನೆ ಕೇಳಿದ ಮೇಲೆ ಎಲ್ಲರೂ ಸುಮ್ಮನಿದ್ದರೆ ಗಾಬರಿಯಾಗಿ ನೀವೇ ಉತ್ತರ ಹೇಳಬೇಡಿ. ಮನಸ್ಸಿನಲ್ಲಿ ಇಪ್ಪತ್ತರವರೆಗೆ ಎಣಿಸಿ. ಹದಿನೈದಕ್ಕೆಲ್ಲ ಯಾರಾದರೂ ಕೆಮ್ಮಿ ಶುರು ಮಾಡುತ್ತಾರೆ.

ಕೊನೇ ಅಧ್ಯಾಯಕ್ಕೆ ಸ್ವಲ್ಪ ತಯಾರಿ ಬೇಕು. ತುಂಬ ಹಳೇ ಕೆಲವು ಕೈಬರಹದ ಪ್ರತಿಗಳು 16ನೇ ಅಧ್ಯಾಯದ 8ನೇ ವಚನಕ್ಕೇ ನಿಲ್ಲುತ್ತವೆ ಅಂತ ಹಲವು ಮುದ್ರಣಗಳಲ್ಲಿ ಅಡಿಟಿಪ್ಪಣಿ ಇರುತ್ತೆ. ಯಾರಾದರೂ ಕೇಳೇ ಕೇಳುತ್ತಾರೆ. ಅಯ್ಯನವರ ಹತ್ತಿರ ಮುಂಚೆಯೇ ಮಾತಾಡಿಕೊಂಡಿರಿ.

ಹಂತ 7: ಲೆಕ್ಕ ಒಪ್ಪಿಸುವುದು

ನಾಲ್ಕನೇ ಪ್ರಶ್ನೆಗೆ ಬಂದ ಉತ್ತರವನ್ನು ನೋಟ್‌ಬುಕ್‌ನಲ್ಲಿ ಬರೆಯಿರಿ. ಮುಂದಿನ ವಾರ 7:15ಕ್ಕೆ ಕೇಳಿ: ಮಾಡಿದ್ರಾ, ಏನಾಯ್ತು? ಗುಂಪಿನ ಜೀವ ಇರುವುದು ಇದರಲ್ಲಿ. ಇದನ್ನು ಬಿಟ್ಟರೆ ಇನ್ನೊಂದು ಬೈಬಲ್ ಸ್ಟಡಿ, ಅಷ್ಟೇ.

"ಇನ್ಮೇಲೆ ಜಾಸ್ತಿ ಪ್ರಾರ್ಥನೆ ಮಾಡ್ತೀನಿ" ಅನ್ನುವುದನ್ನು ಬರೆದುಕೊಳ್ಳಬೇಡಿ. ಯಾವತ್ತು, ಯಾರ ಜೊತೆ, ಏನು ಅಂತ ಕೇಳಿ. "ಗುರುವಾರ ಸಂಜೆ ಅಣ್ಣನಿಗೆ ಫೋನ್ ಮಾಡ್ತೀನಿ. ಸೈಟ್ ವಿಷ್ಯ ಎತ್ತಲ್ಲ." ಇದು ಬರೆದುಕೊಳ್ಳುವಂಥದ್ದು. ಎರಡು ವರ್ಷದಿಂದ ಮಾತು ಬಿಟ್ಟಿದ್ದ ಅಣ್ಣ ಫೋನ್ ಎತ್ತದೆಯೂ ಇರಬಹುದು. ಆಗ ಮುಂದಿನ ವಾರ ಅದನ್ನೇ ಹೇಳಲಿ.

ಎಚ್ಚರಿಕೆ: ಮಾಡದವರನ್ನು ನಾಚಿಸಬೇಡಿ. "ಆಗ್ಲಿಲ್ಲ" ಅಂದರೆ "ಈ ವಾರ ನೋಡೋಣ" ಅನ್ನಿ, ಮುಂದೆ ಹೋಗಿ. ನಡೆಸುವವರು ತಮ್ಮದನ್ನು ಮೊದಲು ಹೇಳಬೇಕು, ಸೋತದ್ದನ್ನೂ ಸೇರಿಸಿ. ಅಪನಂಬಿಕೆ ಬಾಯಿಬಿಟ್ಟು ಹೇಳಿದ ತಂದೆಯೊಬ್ಬ 9ನೇ ಅಧ್ಯಾಯದಲ್ಲಿ ಇದ್ದಾನೆ. ಯೇಸು ಅವನನ್ನು ವಾಪಸ್ ಕಳಿಸಲಿಲ್ಲ.

ಹಂತ 8: ಹೊರಗಿನವರು

ಆರೇಳು ವಾರ ಆದ ಮೇಲೆ ಗುಂಪು ಸೇರಿ ಒಂದು ಕೆಲಸ ಮಾಡಲಿ. ಆಸ್ಪತ್ರೆಯಲ್ಲಿ ಒಬ್ಬರೇ ಇರುವವರಿಗೆ ಗಂಜಿ ಒಯ್ಯುವುದು, ಬೀದಿಯ ಹುಡುಗರಿಗೆ ಗಣಿತ ಹೇಳಿಕೊಡುವುದು, ಏನಾದರೂ. ಚಿಕ್ಕದಾಗಿರಲಿ, ಫೋಟೋ ಬೇಡ.

ನಂಬಿಕೆಯ ಬಗ್ಗೆ ಕೇಳಿದವರಿಗೆ ನಿಮ್ಮ ಸಾಕ್ಷಿ ಹೇಳಿ, ಅಂದರೆ ನಿಮ್ಮ ಬದುಕಿನಲ್ಲಿ ಏನಾಯಿತು ಅಂತ. ವ್ಯಾಪಾರ ಮಾತ್ರ ಬೇಡ. "ಪ್ರಾರ್ಥನೆಗೆ ಬಂದ್ರೆ ಮಗಳ ಫೀಸ್ ಕಟ್ತೀವಿ" ಅನ್ನುವುದು ಯೇಸುವಿನ ರೀತಿಯಲ್ಲ. ಧರ್ಮವನ್ನು ಆಚರಿಸುವ, ಸಾರುವ ಹಕ್ಕನ್ನು ಸಂವಿಧಾನದ 25ನೇ ವಿಧಿ ಕೊಟ್ಟಿದೆ. ಆದರೆ ಸಾರುವ ಹಕ್ಕು ಅಂದರೆ ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕು ಅಲ್ಲ ಅಂತ 1977ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಫೀಸ್ ಕಟ್ಟುವುದಾದರೆ ಕಟ್ಟಿ, ಅವರು ಬರಲಿ ಬಿಡಲಿ.

ಹಂತ 9: ನಾಟಿ

20 ವಾರ ಮುಗಿದಾಗ ಎಲ್ಲರೂ ಹೇಳುವುದು ಒಂದೇ: "ಹಿಂಗೇ ಇರೋಣ, ನಾವು ಈಗ ಒಂದೇ ಮನೆಯವ್ರ ಥರ." ಹಾಗೇ ಇದ್ದರೆ ಅದು ಚೀಟಿ ಗುಂಪಿನ ಥರ ಆಗುತ್ತೆ, ಹೊಸಬರು ಒಳಗೆ ಬರೋಕಾಗಲ್ಲ. ಗುಂಪು ಎರಡಾಗಬೇಕು. ಆದರೆ 'ಬೇರೆ ಆಗೋದು' ಅನ್ನುವ ಮಾತು ಬಳಸಬೇಡಿ. ನಮ್ಮ ಕಿವಿಗೆ ಅದು ಅಣ್ಣತಮ್ಮಂದಿರ ಪಾಲಿನ ಜಗಳದ ಹಾಗೆ ಕೇಳುತ್ತೆ. ಭತ್ತ ಬೆಳೆಯುವವರಿಗೆ ಗೊತ್ತು: ಒಟ್ಲಲ್ಲೇ (ಸಸಿಮಡಿಯಲ್ಲೇ) ಬಿಟ್ಟರೆ ಪೈರು ಒತ್ತೊತ್ತಾಗಿ ಹಳದಿಯಾಗುತ್ತೆ, ಕಿತ್ತು ನಾಟಿ ಮಾಡಲೇಬೇಕು. ಮೊದಲ ದಿನವೇ ಈ ಮಾತು ಹೇಳಿಟ್ಟರೆ ಕೊನೆಯಲ್ಲಿ ಅಳು ಸ್ವಲ್ಪ ಕಮ್ಮಿ.

ಅಧ್ಯಾಯ 12ರಿಂದ ಜೊತೆಯವರು ನಡೆಸಲಿ, ನೀವು ಮೂಲೆಯಲ್ಲಿ ಕೂತಿರಿ. ಅವರು ತಪ್ಪು ಮಾಡುತ್ತಾರೆ, ಸಮಯ ಮೀರುತ್ತಾರೆ, ಮಧ್ಯೆ ಬಾಯಿ ಹಾಕಬೇಡಿ. ಕೊನೇ ವಾರ ಮೂರು ನಾಲ್ಕು ಜನ ಅವರ ಜೊತೆ ಹೋಗಲಿ, ಉಳಿದವರು ನಿಮ್ಮ ಜೊತೆ ಇರಲಿ. ಎರಡೂ ಕಡೆ ಖಾಲಿಯಾದ ಜಾಗಕ್ಕೆ ಕರೆಯಬೇಕಾದವರ ಹೆಸರನ್ನು ಅವತ್ತೇ ನೋಟ್‌ಬುಕ್‌ನಲ್ಲಿ ಬರೆಯಿರಿ. ಹೊಸ ಗುಂಪಿಗೆ ಹೊಸ ನೋಟ್‌ಬುಕ್. ಹಳೆಯದರಲ್ಲಿ ಜನರ ಮನೆ ವಿಷಯ ಇರುತ್ತೆ, ಅದನ್ನು ಹರಿದು ಒಲೆಗೆ ಹಾಕಿ.

ಬಿರಿಯಾನಿ ಬೇಕಾದರೆ ಅವತ್ತು ಮಾಡಿ. ಎಲ್ಲರೂ ಸೇರಿ ದುಡ್ಡು ಹಾಕಿ, ಗಾರ್ಮೆಂಟ್ಸ್ ಅಕ್ಕನ ಮನೆಯಲ್ಲಿ. ಜಾಗ ಸಾಲದಿದ್ದರೆ ಮೆಟ್ಟಿಲ ಮೇಲೆ ಕೂರಬಹುದು.